ಅಣ್ಣನ ಮಗ ಫ್ರುಜಿನಾ

೧೭೯೭, ಮಾರ್ಚ್ ೨೦, ಸೋಮವಾರ. ಕಿಶ್‌ಗೆರೆಂದ್

ಹುಟ್ಟಿದ ಮನೆಯ ಹೆಬ್ಬಾಗಿಲನ್ನು ಕುದುರೆಯ ಮೇಲೆ ಕೂತೇ ದಾಟಿದೆ. ಇಳಿದು, ಟೊಪ್ಪಿಗೆ ತೆಗೆದು ಒಳಗೆ ಬರುವವರು ನೆಂಟರು. ನಾನು ಯಜಮಾನ. ಇಪ್ಪತ್ತು ವರ್ಷ ಹುಸಾರ್ ಸವಾರರ ದಳದಲ್ಲಿದ್ದು ತುರ್ಕರ ನಿದ್ದೆಗೆಡಿಸಿದ ಅಂಬ್ರುಶ್ ಗೆರೆಂದಿ ಇನ್ನು ಮುಂದೆ ಸ್ವಂತ ನೆಲದ ಮೇಲೆ ಕಾಲು ಚಾಚಿ ಮಲಗುತ್ತಾನೆ. ಈ ದಿನಚರಿಯನ್ನು ಅದಕ್ಕಾಗಿಯೇ ಶುರುಮಾಡಿದ್ದೇನೆ. ದೊಡ್ಡ ಮನುಷ್ಯರೆಲ್ಲ ಬರೆಯುತ್ತಾರಂತೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲೇ ಆದರೂ ನನ್ನ ಅಕ್ಷರ ಮುತ್ತಿನಂತಿದೆ ಎಂದು ಉಪಾಧ್ಯಾಯರೇ ಹೇಳುತ್ತಿದ್ದರು, ಹೊಡೆಯದೆ ಇದ್ದ ದಿನಗಳಲ್ಲಿ.

ವಿಷಯ ಇಷ್ಟು. ಅಣ್ಣ ಲಿಪೋತ್ ಚಳಿಗಾಲದಲ್ಲಿ ತೀರಿಕೊಂಡ. ಅವನು ಕರ್ನಲ್, ನಾನು ಕ್ಯಾಪ್ಟನ್. (ಕಾಗದದಲ್ಲಿ ಲೆಫ್ಟಿನೆಂಟ್ ಎಂದಿದೆ. ಕಾಗದ ಬರೆದವನಿಗೆ ನನ್ನ ಮೀಸೆ ಕಂಡರೆ ಹೊಟ್ಟೆಕಿಚ್ಚು.) ಅವನಿಗೆ ಗಂಡುಮಕ್ಕಳಿಲ್ಲ. ನಮ್ಮ ಹಂಗೇರಿಯಲ್ಲಿ ಕತ್ತಿಯಿಂದ ಸಂಪಾದಿಸಿದ ಜಮೀನು ಕತ್ತಿ ಹಿಡಿಯುವ ಕೈಗೇ ಹೋಗಬೇಕು. ಹೆಣ್ಣುಮಕ್ಕಳಿಗೆ ಮದುವೆಯವರೆಗೆ ಅನ್ನ, ಬಟ್ಟೆ, ಆಮೇಲೆ ಒಂದಿಷ್ಟು ವರದಕ್ಷಿಣೆ. ವಂಶದಲ್ಲಿ ಉಳಿದಿರುವ ಗಂಡಸು ನಾನೊಬ್ಬನೇ. ಮಗುವೂ ಹೇಳಬಲ್ಲ ಲೆಕ್ಕ.

ಆದರೆ ಅಣ್ಣ ಸಾಯುವ ಮುಂಚೆ ಒಂದು ಕಿತಾಪತಿ ಮಾಡಿಟ್ಟಿದ್ದಾನೆ. ಅರಸನಿಗೆ ಅರ್ಜಿ ಹಾಕಿ, ಮಗಳು ಫ್ರುಜಿನಾಳನ್ನು ಇನ್ನು ಮುಂದೆ ‘ಗಂಡುಮಗನೆಂದು’ ತಿಳಿಯತಕ್ಕದ್ದೆಂದು ಆಜ್ಞಾಪತ್ರ ತರಿಸಿಕೊಂಡಿದ್ದಾನೆ! ಹಾಗೆ ಮಾಡಿಸಿಕೊಳ್ಳಲು ನಮ್ಮಲ್ಲಿ ದಾರಿಯಿದೆ, ಸರಿ. ಆದರೆ ನನ್ನನ್ನು ಕೇಳಿದನೇ? ಇಲ್ಲ. ಕಾಶ್ಶಾ ಪಟ್ಟಣದ ವಕೀಲ ಹೇಳಿದ: “ಆ ಪತ್ರ ಓದೋಕೆ, ಇಂಥ ದಸ್ತಾವೇಜು ನೋಡ್ಕೊಳ್ಳೋ ಮಠದಿಂದ ಪಾದ್ರಿ ಬರ್ತಾರೆ. ಅವರು ಆ ಮನೆ ಬಿಟ್ಟು ಹೊರಡೋದ್ರೊಳಗೆ ನೀವು ಅವರ ಮುಂದೆ ನಿಂತು ‘ಕೊಂತ್ರಾದೀಕೊ’ ಅಂದ್ರೆ ಸಾಕು. ವಿರೋಧಿಸ್ತೀನಿ ಅಂತ ಅರ್ಥ. ಪತ್ರ ಅಲ್ಲಿಗೇ ಬಿತ್ತು, ಮನೆ ನಿಮ್ದು.”

ಒಂದೇ ಮಾತು. ಆದರೆ ಲ್ಯಾಟಿನ್.

ಮಾರ್ಚ್ ೨೧

ನನ್ನ ಮನೆಯನ್ನು ಸುತ್ತಿ ನೋಡಿದೆ. ನನ್ನ ಲಾಯ, ನನ್ನ ಬಾವಿ, ನನ್ನ ದ್ರಾಕ್ಷಿ ಇಳಿಜಾರು. ಮನೆಯ ಹಿಂದಿನ ಏಪ್ರಿಕಾಟ್ ತೋಪನ್ನು ಕಡಿಸಿ ಸವಾರಿಯ ಬಯಲು ಮಾಡಿಸುತ್ತೇನೆ. ನನ್ನಂಥವನಿಗೆ ಹಣ್ಣು ತಿನ್ನುತ್ತ ಕೂರಲು ಪುರುಸೊತ್ತೆಲ್ಲಿ?

ಲಾಯದಲ್ಲಿ ನಿಂತು ಕತ್ತಿ ಹಿರಿದು ಅಭ್ಯಾಸ ಮಾಡಿದೆ. “ಕೊಂತ್ರಾದೀಕೊ!” ನನ್ನ ಕುದುರೆ ಕಿವಿ ನಿಮಿರಿಸಿತು. ಎರಡನೇ ಸಲ ಇನ್ನೂ ಗಟ್ಟಿಯಾಗಿ ಕೂಗಿದಾಗ ಹಿಂದಿನಿಂದ ಬೋರಿಶ್ ಮುದುಕಿಯ ದನಿ ಬಂತು. ಅವಳು ಈ ಮನೆಯ ಅಡುಗೆಯವಳು. ನನ್ನನ್ನು ಎತ್ತಿ ಆಡಿಸಿದವಳು, ಹಾಗಾಗಿ ಮರ್ಯಾದೆ ಕಡಿಮೆ.

“ಯಾಕೆ ಚಿಕ್ಕ ಧಣಿ, ಹೊಟ್ಟೆನೋವಾ?”

“ಲ್ಯಾಟಿನ್ ಕಣೇ!”

“ಅಯ್ಯೋ, ಚಿಕ್ಕಂದಿನಲ್ಲೂ ಲ್ಯಾಟಿನ್ ಪಾಠ ಇದ್ದ ದಿನ ನಿಮಗೆ ಹೊಟ್ಟೆನೋವೇ ಬರ್ತಿತ್ತು. ಕಷಾಯ ಕೊಡ್ಲಾ?”

ಫ್ರುಜಿನಾಳನ್ನು ನೋಡಿದೆ. ಹತ್ತೊಂಬತ್ತು ವರ್ಷ. ಅಣ್ಣನ ಮೂಗು, ಅಣ್ಣನದೇ ಹುಬ್ಬು ಗಂಟು. ಕಾಲಿಗೆ ಅವನ ಹಳೇ ಬೂಟು ಹಾಕಿಕೊಂಡು ದ್ರಾಕ್ಷಿ ಬಳ್ಳಿ ಕತ್ತರಿಸುತ್ತಿದ್ದಳು. ಯಾಕೆ ಬಂದಿದ್ದೇನೆಂದು ನೇರವಾಗಿಯೇ ಹೇಳಿಬಿಟ್ಟೆ. ಶತ್ರುವಿಗೆ ಮುನ್ಸೂಚನೆ ಕೊಟ್ಟು ಹೊಡೆಯುವುದು ನನ್ನ ಪದ್ಧತಿ.

“ಗೊತ್ತು ಚಿಕ್ಕಪ್ಪ” ಎಂದಳು. “ನಿಮ್ಮ ಹಳೇ ಕೋಣೆ ಗುಡಿಸಿಟ್ಟಿದೀನಿ. ಕಿಟಕಿ ಸರಿಯಾಗಿ ಮುಚ್ಚಲ್ಲ, ಕಾಲಲ್ಲಿ ಒದೀಬೇಕು.”

ಮಾರ್ಚ್ ೨೪

ಪಾದ್ರಿ ಮಾರ್ತೊನ್ ಬಂದ. ಗುಂಡಗಿನ ಮನುಷ್ಯ, ಕಂಕುಳಲ್ಲಿ ಮಸಿಕುಡಿಕೆಯ ಪೆಟ್ಟಿಗೆ. ಊರವರನ್ನೆಲ್ಲ ಹೆಬ್ಬಾಗಿಲ ಮುಂದೆ ನಿಲ್ಲಿಸಿ ಅರಸನ ಪತ್ರ ಓದಿದ. ‘ಸದರಿ ಫ್ರುಜಿನಾ ಎಂಬಾಕೆಯನ್ನು ಸಾಕ್ಷಾತ್ ಪುತ್ರನೆಂದೇ...’ ಎಂದಾಗ ಹಿಂದಿನಿಂದ ಯಾರೋ ಕಿಸಕ್ಕೆಂದರು. ಬೋರಿಶ್ ತಿರುಗಿ ಸೌಟು ತೋರಿಸಿದಳು. “ಈಸ್ಟರ್‌ಗೆ ವಾರ ಮುಂಚಿನ ಗರಿಗಳ ಭಾನುವಾರ, ಅಂದ್ರೆ ಏಪ್ರಿಲ್ ಒಂಬತ್ತರ ಹೊತ್ತಿಗೆ ನಾನು ಮಠದಲ್ಲಿರಬೇಕು. ಹಿಂದಿನ ಸಂಜೆ ಹೊರಡ್ತೀನಿ. ಅಲ್ಲಿವರೆಗೆ ಇಲ್ಲೇ ಇರ್ತೀನಿ. ಯಾರಿಗಾದ್ರೂ ತಕರಾರಿದ್ರೆ ಹೇಳ್ಬಹುದು” ಎಂದ ಪಾದ್ರಿ. ಎಲ್ಲರೂ ನನ್ನತ್ತ ನೋಡಿದರು.

ನಾನು ಹೇಳಲಿಲ್ಲ. ಮಳೆ ಬರುತ್ತಿತ್ತು. ಮಳೆಯಲ್ಲಿ ಕತ್ತಿ ಹಿರಿದರೆ ತುಕ್ಕು ಹಿಡಿಯುತ್ತದೆ. ಮೇಲಾಗಿ ನನ್ನ ಮೀಸೆ ತೊಯ್ದು ಕೆಳಗಿಳಿದಿತ್ತು. ಇಂಥ ಮಾತನ್ನು ಬಿಸಿಲಲ್ಲಿ ಹೇಳಬೇಕು, ಕೇಳಿದವರು ಮೊಮ್ಮಕ್ಕಳಿಗೆ ಹೇಳುವಂತಿರಬೇಕು.

ಒಳಗೆ ಹೋಗುವಾಗ ಫ್ರುಜಿನಾ ಕೇಳಿದಳು: “ಚಿಕ್ಕಪ್ಪ, ವಿರೋಧ ಊಟಕ್ಕೆ ಮುಂಚೆನೋ, ಆಮೇಲೋ? ಎಲೆಕೋಸು ಆರಿಹೋಗುತ್ತೆ.”

“ಆಮೇಲೆ” ಎಂದೆ. ಊಟವಾದ ಮೇಲೆ ಪಾದ್ರಿ ನಿದ್ದೆ ಹೋದ.

ಮಾರ್ಚ್ ೨೬, ಭಾನುವಾರ

ಇಂದು ಹೇಳಬಹುದಿತ್ತು. ಭಾನುವಾರ ಜಗಳ ಬೇಡವೆಂದು ಬಿಟ್ಟೆ.

ಪಾಪದ ಪಾದ್ರಿ! ಅವನಿಗೆ ಈಸ್ಟರ್ ಮುಂಚಿನ ಉಪವಾಸ, ಮಾಂಸ ಮುಟ್ಟುವಂತಿಲ್ಲ. ನಾವು ಕ್ಯಾಲ್ವಿನ್ ಪಂಗಡದವರು, ನಮಗೆ ಆ ಕಟ್ಟಿಲ್ಲ. ಅವನ ಎದುರಿಗೇ ಕೂತು ಹೊಗೆಯಾಡಿಸಿದ ಸಾಸೇಜನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ತಿಂದೆ. ಅವನು ಗಸಗಸೆ ಶ್ಯಾವಿಗೆಯನ್ನು ಮುಂದಿಟ್ಟುಕೊಂಡು ಕಣ್ಣಲ್ಲೇ ನನ್ನ ತಟ್ಟೆ ನೆಕ್ಕಿದ.

ಸಂಜೆ ಫ್ರುಜಿನಾಳಿಗೆ ಬೆಲ್‌ಗ್ರೇಡ್ ಮುತ್ತಿಗೆಯ ಕಥೆ ಹೇಳಿದೆ, ಹನ್ನೊಂದು ತುರ್ಕರನ್ನು ಒಬ್ಬನೇ ಸೆರೆಹಿಡಿದದ್ದು.

“ಮೊನ್ನೆ ಒಂಬತ್ತು ಅಂದಿದ್ರಿ” ಎಂದಳು.

“ಇಬ್ಬರು ಪೊದೆ ಹಿಂದೆ ಇದ್ರು. ಇವತ್ತು ನೆನಪಾಯ್ತು.”

“ಅಪ್ಪ ಹೇಳ್ತಿದ್ರು, ಆವಾಗ ನೀವು ಹಿಟ್ಟಿನ ಗಾಡಿಗಳನ್ನ ಕಾಯ್ತಿದ್ರಿ ಅಂತ.”

“ಹಿಟ್ಟಿಲ್ಲದೆ ಯಾವ ಸೈನ್ಯ ಗೆದ್ದಿದೆ, ಹೇಳು?”

ನಕ್ಕಳು. ನಕ್ಕರೆ ಅಣ್ಣನಂತೆ ಕಾಣುವುದಿಲ್ಲ, ನಮ್ಮ ಅಮ್ಮನಂತೆ ಕಾಣುತ್ತಾಳೆ. ಅದಕ್ಕೂ ನನಗೂ ಸಂಬಂಧವಿಲ್ಲ. ಸುಮ್ಮನೆ ಬರೆದೆ.

ಮಾರ್ಚ್ ೨೯

ಹೇಳಲಿಲ್ಲ. ಕಂದುಹಸು ಕರು ಹಾಕಿತು, ಅಡ್ಡಡ್ಡ ಬಂದಿತ್ತು. ಮೊಣಕೈವರೆಗೆ ಕೈ ಹಾಕಿ ತಿರುಗಿಸಿದ್ದು ನಾನು. ಹಗ್ಗ ಎಳೆದದ್ದು ಅವಳು. ಆ ಕೈಯಲ್ಲಿ ಕತ್ತಿ ಹಿಡಿಯುವುದು ಹೇಗೆ?

ಮಾರ್ಚ್ ೩೦

ಗಡಿಯ ಬೇಲಿ. ಇಡೀ ದಿನ. ಬೆನ್ನು.

ಏಪ್ರಿಲ್ ೨, ಭಾನುವಾರ

ಇಂದಿನ ಯುದ್ಧವನ್ನು ವಿವರವಾಗಿ ಬರೆಯಲೇಬೇಕು. ಇಂಥದ್ದನ್ನು ಸೇನಾಪತಿಗಳು ಓದಿ ಕಲಿಯಬೇಕು.

ಏಪ್ರಿಕಾಟ್ ಮರಗಳೆಲ್ಲ ನಿನ್ನೆಯಷ್ಟೇ ಮೈತುಂಬ ಹೂ ಬಿಟ್ಟಿದ್ದವು. ಬೆಳಗಿನ ಜಾವ ಫ್ರುಜಿನಾ ನನ್ನ ಕಿಟಕಿಯನ್ನು ಹೊರಗಿನಿಂದ ಒದ್ದಳು. “ಚಿಕ್ಕಪ್ಪ, ಹಿಮ ಇಳೀತಿದೆ! ಸೂರ್ಯ ಬರೋ ಹೊತ್ತಿಗೆ ಹೂವೆಲ್ಲ ಕರ್ರಗಾಗುತ್ತೆ!” ಎದ್ದವನೇ ಕಸೂತಿ ಕೋಟು ಸಿಕ್ಕಿಸಿಕೊಂಡು ಓಡಿದೆ. ಚಲ್ಲಣ ತಿರುವುಮುರುವಾಗಿತ್ತೆಂದು ಆಮೇಲೆ ತಿಳಿಯಿತು.

ಹೊಗೆ ಹಾಕಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ಎಲ್ಲರೂ ತಮಗೆ ತೋಚಿದಲ್ಲಿ ಬೆಂಕಿ ಹಾಕುತ್ತಿದ್ದರು. ಗಾಳಿ ಹೊಗೆಯನ್ನು ಊರಿನತ್ತ ಒಯ್ಯುತ್ತಿತ್ತು. ನಾನು ಕುದುರೆ ಏರಿದೆ. “ಎಡದ ಸಾಲು ಹೊಳೆ ಕಡೆಗೆ! ಹಸಿ ಹುಲ್ಲು, ಸಗಣಿ, ಒದ್ದೆ ಎಲೆ! ಉರಿ ಕಾಣಬಾರದು, ಹೊಗೆ ಬೇಕು, ಹೊಗೆ!” ಊರಿಗೆ ಊರೇ ಓಡಿತು. ಪಾದ್ರಿಯೂ ನಿಲುವಂಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗೊಬ್ಬರದ ಬುಟ್ಟಿ ಹೊತ್ತ.

“ಲೆಫ್ಟಿನೆಂಟ್ ಸಾಹೇಬ್ರೆ, ಇದನ್ನ ಎಲ್ಲಿ ಸುರೀಲಿ?”

“ಕ್ಯಾಪ್ಟನ್! ಬಲಗಡೆ ಮೂಲೆಗೆ!”

ಫ್ರುಜಿನಾ ಸಾಲಿನಿಂದ ಸಾಲಿಗೆ ಓಡುತ್ತಿದ್ದಳು, ಮುಖವೆಲ್ಲ ಮಸಿ. ಎಲ್ಲಿ ಹೊಗೆ ತೆಳುವಾಯಿತೋ ಅಲ್ಲಿ ಅವಳಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಡಿ ಮುಗಿಸಿರುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಇಂಥ ಸವಾರ ಒಬ್ಬನೂ ನನ್ನ ಕೈಕೆಳಗೆ ಸಿಗಲಿಲ್ಲ. ಸಿಕ್ಕಿದ್ದರೆ ನಾನು ಜನರಲ್ ಆಗುತ್ತಿದ್ದೆ.

ಬಿಸಿಲೇರಿತು, ಹೊಗೆ ಚದುರಿತು. ತೋಪು ಬೆಳ್ಳಗೇ ಇತ್ತು. ಹೊಳೆ ಕಡೆಯ ಒಂದು ಸಾಲು ಮಾತ್ರ ಹಿಮಕ್ಕೆ ಸುಟ್ಟುಹೋಗಿದೆ. ಅಲ್ಲಿ ನಿಂತು ಫ್ರುಜಿನಾ ಕಣ್ಣೊರೆಸಿಕೊಂಡಳು. ಹೊಗೆ ಅಂದಳು. ನನಗೂ ಹೊಗೆ ತಗುಲಿತ್ತು.

ಬೋರಿಶ್ ಪಾಲಿಂಕಾ ಬ್ರಾಂಡಿ ಬಗ್ಗಿಸಿಕೊಟ್ಟಳು, ಹೋದ ವರ್ಷದ ಏಪ್ರಿಕಾಟಿನದು. ಇಂಥ ಮರಗಳನ್ನು ಕಡಿಯಬೇಕೆಂದವನ ತಲೆ ಕಡಿಯಬೇಕು.

ಏಪ್ರಿಲ್ ೪

ಸುಟ್ಟ ಸಾಲಿನಲ್ಲೂ ಕೆಳಗಿನ ಕೊಂಬೆಗಳಲ್ಲಿ ಕೆಲವು ಹೂ ಉಳಿದಿವೆ. ಎಣಿಸಲು ಹೋಗಿದ್ದೆ. ಊಟಕ್ಕೆ ತಡವಾಯಿತೆಂದು ಬೋರಿಶ್ ಬೈದಳು. ಆ ಮಾತು ನಾಳೆ ಹೇಳುತ್ತೇನೆ. ತಂತ್ರವೆಂದರೆ ಇದೇ, ಶತ್ರು ಮೈಮರೆಯುವವರೆಗೆ ಕಾಯುವುದು.

ಏಪ್ರಿಲ್ ೬, ಗುರುವಾರ

ಹೇಳಿಬಿಟ್ಟೆ.

ಆದದ್ದು ಹೀಗೆ. ರಾತ್ರಿ ಊಟಕ್ಕೆ ಕೂತಿದ್ದೆವು. ನಾನು, ಪಾದ್ರಿ, ಫ್ರುಜಿನಾ. ಬೋರಿಶ್ ಬಡಿಸುತ್ತಿದ್ದಳು. ಫ್ರುಜಿನಾ ರೊಟ್ಟಿ ಮುರಿಯುತ್ತ, ಹವಾಮಾನದ ಸುದ್ದಿ ಹೇಳುವಂತೆ ಹೇಳಿದಳು: “ಚಿಕ್ಕಪ್ಪ, ಸೋಮವಾರ ಕಾಶ್ಶಾದಿಂದ ಅತ್ತೆ ಗಾಡಿ ಕಳಿಸ್ತಾರೆ. ನಾನು ಹೋಗಿ ಅವರ ಜತೆ ಇರ್ತೀನಿ. ಅವರಿಗೆ ಪುಸ್ತಕ ಓದಿ ಹೇಳೋಕೆ ಒಬ್ಬರು ಬೇಕಂತೆ, ನಾಯಿಗಳನ್ನ ಅಡ್ಡಾಡಿಸೋಕೂ.”

“ಯಾಕೆ?” ಎಂದೆ.

“ನೀವು ಹೇಳೋದನ್ನ ಹೇಳಿದ ಮೇಲೆ ನಾನು ಇಲ್ಲೇ ಮೂಲೆ ಹಿಡಿದು ಕೂತ್ರೆ ಚೆನ್ನಾಗಿರಲ್ಲ. ಬಳ್ಳಿ ಕತ್ತರಿಸೋದು ಮುಗೀತು. ಕರುಗೆ ಎರಡು ಹೊತ್ತು ಹಾಲು ಬಿಡಿ. ಕಿಟಕಿ...”

ಅವಳ ಸೋದರಮಾವನ ಹೆಂಡತಿ, ಆ ಅತ್ತೆಯನ್ನು ನಾನು ಬಲ್ಲೆ. ಅವಳ ನಾಯಿಗಳನ್ನೂ. ಈ ಹುಡುಗಿ ಆ ಬೊಜ್ಜು ನಾಯಿಗಳ ಹಗ್ಗ ಹಿಡಿದು ಬೀದಿಯಲ್ಲಿ ನಡೆಯುವುದು ಕಣ್ಣಿಗೆ ಕಟ್ಟಿತು. ತಲೆಗೆ ರಕ್ತ ನುಗ್ಗಿತು. ಮೇಜು ಗುದ್ದಿ ಎದ್ದು ನಿಂತು ಕೂಗಿದೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಇಷ್ಟು ದಿನ ಉರು ಹೊಡೆದ ಅದೊಂದೇ ಮಾತು.

“ಕೊಂತ್ರಾದೀಕೊ!”

ಲೋಟ ಉರುಳಿತು. ಪಾದ್ರಿ ಚಮಚ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಪೆಟ್ಟಿಗೆ ತೆರೆದು ಮಸಿಕುಡಿಕೆ ಹೊರತೆಗೆದ. ಲೇಖನಿ ಕಿರಗುಟ್ಟುವುದಷ್ಟೇ ಕೇಳುತ್ತಿತ್ತು.

“ಬರ್ಕೊಂಡೆ” ಎಂದ. “ಉಚ್ಚಾರಣೆ ಚೆನ್ನಾಗಿತ್ತು.”

ಫ್ರುಜಿನಾ ಎದ್ದು, ಉರುಳಿದ ಲೋಟ ನೆಟ್ಟಗೆ ನಿಲ್ಲಿಸಿ, “ಸರಿ ಚಿಕ್ಕಪ್ಪ” ಎಂದು ಒಳಗೆ ಹೋದಳು. ಬೋರಿಶ್ ನನ್ನ ತಟ್ಟೆಯನ್ನು ಎತ್ತಿಕೊಂಡು ಹೋದಳು. ತಟ್ಟೆಯಲ್ಲಿ ಅರ್ಧ ಸಾಸೇಜು ಉಳಿದಿತ್ತು.

ಹಾಗಾಗಿ ಮನೆ ನನ್ನದಾಯಿತು. ಗೆದ್ದೆ.

ಏಪ್ರಿಲ್ ೭

ಬೋರಿಶ್ ಬೆಳಿಗ್ಗೆ ತಿಂಡಿ ಕೊಡಲಿಲ್ಲ. ಕುದುರೆಯೂ ಮುಖ ತಿರುಗಿಸಿತು. ಪಾದ್ರಿಯನ್ನು ಹುಡುಕಿಕೊಂಡು ತೋಪಿಗೆ ಹೋದೆ.

“ಪಾದ್ರಿಗಳೇ, ನಿನ್ನೆ ನಾನು ಅಂದದ್ದು ಮನೆ ವಿಷಯಕ್ಕಲ್ಲ. ಅವಳು ಹೋಗ್ತೀನಿ ಅಂದ್ಲಲ್ಲ, ಅದಕ್ಕೆ.”

“ಅವರು ಹೋಗೋದನ್ನ ವಿರೋಧಿಸಿದ್ರಾ?”

“ಹೌದು!”

“ಆದ್ರೆ ನೀವು ವಿರೋಧಿಸಿದ್ರೆ ಅವರು ಹೋಗ್ಲೇಬೇಕಲ್ಲ ಸಾಹೇಬ್ರೆ.”

“ಗೊತ್ರೀ! ಅಳಿಸಿಬಿಡಿ.”

ಪಾದ್ರಿ ಮಸಿ ಹತ್ತಿದ ಬೆರಳು ತೋರಿಸಿದ. “ಮಠದ ಮಸಿ ಅಳಿಸೋಕೆ ಬರಲ್ಲ. ಹಿಂದಕ್ಕೆ ತಗೋಬಹುದು, ಅದಕ್ಕೊಂದು ಕ್ರಮ ಇದೆ. ಹೆಬ್ಬಾಗಿಲ ಮುಂದೆ, ಊರವರ ಎದುರು, ಕತ್ತಿ ಹಿರಿದು ನೀವೇ ಹೇಳ್ಬೇಕು: ಇವನು ನಮ್ಮ ವಂಶದ ಗಂಡು, ಇವನ ಹಕ್ಕು ನನ್ನದಕ್ಕಿಂತ ಮುಂದು. ಆಮೇಲೆ ಕತ್ತಿ ಅವರ ಕೈಗೆ ಕೊಡ್ಬೇಕು. ಒಮ್ಮೆ ಹಾಗಂದ್ರೆ ಮತ್ತೆ ಯಾವತ್ತೂ ಬಾಯಿ ಬಿಡೋ ಹಾಗಿಲ್ಲ. ಚೆನ್ನಾಗಿ ಯೋಚ್ನೆ ಮಾಡಿ. ನಾಳೆ ಸಂಜೆ ನಾನು ಹೊರಟೆ.”

ಯೋಚಿಸುತ್ತಿದ್ದೇನೆ. ಹಿಂದಕ್ಕೆ ತೆಗೆದುಕೊಂಡರೆ ಈ ಭೂಮಿಯ ಮೇಲೆ ನನ್ನದೆಂದು ಉಳಿಯುವುದು ಒಂದು ಕುದುರೆ, ಒಂದು ಜೀನು, ಈ ದಿನಚರಿ. ನಾನು ಪೆದ್ದನಲ್ಲ. ಐವತ್ತು ದಾಟಿದ ಸವಾರನನ್ನು ಯಾರೂ ಮನೆಗೆ ಕರೆಯುವುದಿಲ್ಲ.

ಕರುವಿಗೆ ಎರಡು ಹೊತ್ತೂ ಹಾಲು ಬಿಟ್ಟೆ.

ಏಪ್ರಿಲ್ ೮

ನನ್ನ ಜೀವನದ ಮೊದಲ ಹಿನ್ನಡೆ. ಕಟ್ಟುನಿಟ್ಟಾಗಿ ನೋಡಿದರೆ ಹಿನ್ನಡೆಯಲ್ಲ, ಬೇರೆ ದಿಕ್ಕಿನಲ್ಲಿ ಮುನ್ನಡೆ.

ಊರೆಲ್ಲ ಸೇರಿತ್ತು. ಬಿಸಿಲೂ ಇತ್ತು, ಮೀಸೆಯೂ ನಿಂತಿತ್ತು. ಕತ್ತಿ ಹಿರಿದೆ. “ಇವನು...” ಎಂದು ಫ್ರುಜಿನಾಳತ್ತ ತೋರಿಸಿದಾಗ ಗುಂಪಿನಲ್ಲಿ ಯಾರೋ ಮತ್ತೆ ಕಿಸಕ್ಕೆಂದರು. ನಾನು ತಿರುಗಿ ನೋಡಿದೆ. ನಗು ಗಂಟಲಲ್ಲೇ ನಿಂತಿತು. “ಇವನು ನಮ್ಮ ವಂಶದ ಗಂಡು. ಇವನ ಹಕ್ಕು ನನ್ನದಕ್ಕಿಂತ ಮುಂದು” ಎಂದೆ. ಅಲ್ಲಿಗೆ ಸಾಕಿತ್ತು. ಆದರೆ ನನಗೆ ನಿಲ್ಲಿಸಿ ಗೊತ್ತಿಲ್ಲವಲ್ಲ! “ಯಾರಿಗಾದ್ರೂ ಅನುಮಾನ ಇದ್ರೆ, ಏಪ್ರಿಕಾಟ್ ಯುದ್ಧದಲ್ಲಿ ನೀವೆಲ್ಲ ಎಲ್ಲಿದ್ರಿ, ಇವನೆಲ್ಲಿದ್ದ, ನೆನಪು ಮಾಡ್ಕೊಳ್ಳಿ!” ಎಂದೆ.

ಕತ್ತಿ ಕೊಡಲು ಹೋದರೆ ಹುಡುಗಿ ಕೈ ಮುಂದೆ ಮಾಡಲಿಲ್ಲ.

“ಚಿಕ್ಕಪ್ಪ, ನಿಜವಾಗ್ಲೂ? ಆಮೇಲೆ ನಿಮಗೇನು ಉಳಿಯುತ್ತೆ?”

“ತಗೊಳ್ಳೇ, ಕೈ ಸೋಲ್ತಿದೆ.”

ತೆಗೆದುಕೊಂಡಳು. ಪಾದ್ರಿ ಬರೆದುಕೊಂಡ. ಹೊರಡುವಾಗ ಗಾಡಿಯಿಂದ ಬಗ್ಗಿ ನನ್ನ ಕಿವಿಯಲ್ಲಿ, “ಈಸ್ಟರ್ ಆದ ಮೇಲೆ ಬರ್ತೀನಿ, ಆ ಸಾಸೇಜು ಒಂದಿಷ್ಟು ಇಟ್ಟಿರಿ” ಎಂದ.

ನಾನು ಜೀನು ಕಟ್ಟುತ್ತಿದ್ದೆ. ಫ್ರುಜಿನಾ ಲಾಯದ ಬಾಗಿಲಲ್ಲಿ ಬಂದು ನಿಂತಳು. “ಎಲ್ಲಿಗೆ?”

“ನೋಡೋಣ. ಜಗತ್ತು ದೊಡ್ಡದು.”

“ಅತ್ತೆಗೆ ಗಾಡಿ ಬೇಡ ಅಂತ ಹೇಳಿ ಕಳಿಸಿದೀನಿ. ಬೇಲಿ ಅರ್ಧಕ್ಕೆ ನಿಂತಿದೆ ಚಿಕ್ಕಪ್ಪ. ಈ ಮನೆ ಯಜಮಾನ ಹೇಳ್ತಿದಾನೆ, ಜೀನು ಬಿಚ್ಚಿ.”

ಯಜಮಾನನ ಮಾತು ಮೀರುವುದು ಸೈನಿಕನಿಗೆ ತರವಲ್ಲ. ಬಿಚ್ಚಿದೆ.

ಏಪ್ರಿಲ್ ೧೩

ಬೇಲಿ ಮುಗಿಯಿತು. ಮುಗಿದ ಹೊತ್ತಿಗೇ ಜಿಲ್ಲೆಯ ಸವಾರ ತಮಟೆ ಬಡಿಸಿಕೊಂಡು ಬಂದ. ಫ್ರೆಂಚರು ಇಟಲಿಯನ್ನು ದಾಟಿ ಇತ್ತ ಬರುತ್ತಿದ್ದಾರಂತೆ. ಜಮೀನಿರುವ ಪ್ರತಿಯೊಂದು ಕುಲೀನ ಮನೆಯ ಗಂಡಸು ಕುದುರೆ, ಕತ್ತಿ ಸಮೇತ ಹಾಜರಾಗಬೇಕು. ಹೆಸರುಗಳನ್ನು ಓದಿದ.

“ಗೆರೆಂದಿ ಫ್ರುಜಿನಾ, ಲಿಪೋತನ ಮಗ!”

ಬೋರಿಶ್ ಸೌಟು ಕೆಳಗೆ ಹಾಕಿದಳು. ಯಾರೂ ಇದನ್ನು ಯೋಚಿಸಿರಲಿಲ್ಲ, ಅಣ್ಣ ಕೂಡ. ಭೂಮಿ ಬಂದ ಕೈಗೇ ಕತ್ತಿಯೂ ಬರುತ್ತದೆ.

ಫ್ರುಜಿನಾ ಒಳಗೆ ಹೋಗಿ, ಅಣ್ಣನ ಕಸೂತಿ ಕೋಟು ತೊಟ್ಟು ಹೊರಗೆ ಬಂದಳು. ತೋಳು ಬೆರಳು ದಾಟಿ ಇಳಿಬಿದ್ದಿತ್ತು.

“ಗಂಡು ಅಂತ ಹೇಳಿಸ್ಕೊಂಡ ಮೇಲೆ ಹೋಗ್ಲೇಬೇಕಲ್ಲ” ಎಂದಳು. ದನಿ ಗಟ್ಟಿಯಾಗಿತ್ತು. ಗುಂಡಿಗಳನ್ನು ಮಾತ್ರ ತಪ್ಪಾಗಿ ಹಾಕಿಕೊಂಡಿದ್ದಳು.

“ಬಿಚ್ಚು. ನನ್ನ ಕತ್ತಿ ಕೊಡು” ಎಂದೆ. “ಅಂದ್ರೆ ನಿನ್ನ ಕತ್ತಿ. ಕೈಗಡ ಕೊಡು.”

“ಚಿಕ್ಕಪ್ಪ, ನಿಮಗೆ ಜಮೀನಿಲ್ಲ. ಕಾನೂನು ನಿಮ್ಮನ್ನ ಕರೆದಿಲ್ಲ.”

“ಕುದುರೆ ಕೊಬ್ಬಿದೆ. ಅಡ್ಡಾಡಿಸ್ಬೇಕು.”

“ಸುಳ್ಳು ಹೇಳ್ಬೇಡಿ!”

“ನಿನ್ನ ಅತ್ತೆ ನಾಯಿ ಅಡ್ಡಾಡಿಸಬಹುದು, ನಾನು ಕುದುರೆ ಅಡ್ಡಾಡಿಸಬಾರದಾ?”

ಇವಳು ಅಳುವುದನ್ನು ಹೊಗೆಯಿಲ್ಲದೆ ಮೊದಲ ಸಲ ನೋಡಿದೆ. ಬೋರಿಶ್ ಇಬ್ಬರಿಗೂ ಬೈದು, ಬುತ್ತಿ ಕಟ್ಟಲು ಹೋದಳು. ಒಬ್ಬನಿಗೆ ಹತ್ತು ದಿನಕ್ಕಾಗುವಷ್ಟು ಕಟ್ಟಿದ್ದಾಳೆ.

ಏಪ್ರಿಲ್ ೨೦. ಜಿಲ್ಲೆಯ ದಂಡಿನ ಬಯಲು

ನಮ್ಮ ಕುಲೀನರ ಸೈನ್ಯವನ್ನು ಕಂಡರೆ ಫ್ರೆಂಚರು ನಗುತ್ತಲೇ ಸಾಯುತ್ತಾರೆ. ಒಬ್ಬ ಅಜ್ಜನ ಕಾಲದ ಕವಚ ಹಾಕಿಕೊಂಡು ಬಂದಿದ್ದಾನೆ, ಬಿಚ್ಚಲು ಬರುತ್ತಿಲ್ಲ. ಇನ್ನೊಬ್ಬ ಹಾಸಿಗೆ ತಂದಿದ್ದಾನೆ. ಇವರನ್ನೆಲ್ಲ ದಾರಿಗೆ ತರುವುದು ನನ್ನಂಥವನಿಗೇ ಸೈ.

ಹಾಜರಿ ಬರೆಯುವ ಗುಮಾಸ್ತ ತಲೆ ಎತ್ತದೆ ಕೇಳಿದ: “ಯಾರ ಪರವಾಗಿ?”

“ಗೆರೆಂದಿ ಫ್ರುಜಿನಾ. ಅಣ್ಣನ ಮಗ.”

“ಅವನೇ ಯಾಕೆ ಬರಲಿಲ್ಲ?”

“ತೋಪಿನಲ್ಲಿ ಕಾಯಿ ಕಟ್ಟೋ ಹೊತ್ತು. ಅವನಿಗೆ ಪುರುಸೊತ್ತಿಲ್ಲ.”

“ನಿಮ್ಮ ಪದವಿ?”

“ಚಿಕ್ಕಪ್ಪ” ಎಂದೆ.

ಕ್ಯಾಪ್ಟನ್ ಎನ್ನಬೇಕಾಗಿತ್ತು. ಬಾಯಿ ತಪ್ಪಿತು. ಗುಮಾಸ್ತ ಅದನ್ನೇ ಬರೆದುಕೊಂಡುಬಿಟ್ಟ. ತಿದ್ದಿಸೋಣವೆಂದುಕೊಂಡೆ, ಸಾಲು ಉದ್ದವಿತ್ತು. ಈಗ ದಂಡಿನವರೆಲ್ಲ ನನ್ನನ್ನು ಹಾಗೆಯೇ ಕರೆಯುತ್ತಿದ್ದಾರೆ.